ಕಾಯ–ಕಾಯಿ ಮೀಮಾಂಸೆ: ತೆಂಗುಸೀಮೆಯ ಶರೀರಶಾಸ್ತ್ರಕ್ಕೊಂದು ಪ್ರವೇಶಿಕೆ

ಮನುಷ್ಯನ ಶರೀರ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಈವರೆಗೆ ಬಂದಿರುವ ಉದ್ಗ್ರಂಥಗಳೆಲ್ಲ ಒಂದೇ ದೋಷದಿಂದ ನರಳುತ್ತಿವೆ: ಬರೆದವರಲ್ಲಿ ಒಬ್ಬರಿಗೂ ತೆಂಗಿನ ತೋಟವಿರಲಿಲ್ಲ. ಹಾಗಾಗಿ ಅವರು ಕಪ್ಪೆ ಕೊಯ್ದರು, ಹೆಣ ಕೊಯ್ದರು, ಕೊನೆಗೆ ಏನೂ ತೋಚದೆ ಎಲ್ಲಕ್ಕೂ ಲ್ಯಾಟಿನ್ನಿನಲ್ಲಿ ಹೆಸರಿಟ್ಟು ಕೈತೊಳೆದುಕೊಂಡರು. ತಿಪಟೂರಿಗೋ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಬಂದು ಒಂದೇ ಒಂದು ಕಾಯಿ ಸುಲಿದು ನೋಡಿದ್ದರೆ ಅಷ್ಟೆಲ್ಲ ರಕ್ತಪಾತ ಬೇಕಿರಲಿಲ್ಲ.

ಮನುಷ್ಯನೆಂಬುವನು ತೆಂಗಿನಕಾಯಿಯ ಅಪಕ್ವ ನಕಲು ಎಂಬುದು ನಮ್ಮ ಸಿದ್ಧಾಂತ. ಭಾಷೆಯೇ ಇದಕ್ಕೆ ಮೊದಲ ಸಾಕ್ಷಿ. ಶರೀರಕ್ಕೆ ಕಾಯ ಎನ್ನುತ್ತೇವೆ. ಕೊನೆಯಕ್ಷರಕ್ಕೊಂದು ಗುಡಿಸು ಕೊಟ್ಟರೆ ಕಾಯಿ. ನರ ಎಳೆದರೆ ನಾರು. ಕೊಬ್ಬು ಬೆಳೆದರೆ ಕೊಬ್ಬರಿ. ತಲೆಗೂ ಬುಂಡೆ, ಎಳನೀರಿಗೂ ಬುಂಡೆ. ಎರಡಕ್ಕೂ ಒಂದೇ ಮಚ್ಚು ಸಾಲುತ್ತದೆಂಬುದಕ್ಕೆ ಪೊಲೀಸ್ ಠಾಣೆಯ ಕಡತಗಳನ್ನು ನೋಡಬಹುದು. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀನಂಶ್ರೀ ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರು ಈ ವ್ಯುತ್ಪತ್ತಿಯನ್ನು ಕೇಳಿದ್ದರೆ, ಕಾಯ ಸಂಸ್ಕೃತ, ಕಾಯಿ ಅಚ್ಚಗನ್ನಡ, ಎದ್ದು ಹೋಗಯ್ಯ ಎನ್ನುತ್ತಿದ್ದರು. ಅವರು ಈಗ ಇಲ್ಲವಾದ್ದರಿಂದ ಸಿದ್ಧಾಂತ ಭದ್ರವಾಗಿದೆ.

ಮೊದಲಿಗೆ ಜನನ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಮನುಷ್ಯ ಒಂಬತ್ತಕ್ಕೇ ಈಚೆಗೆ ಬರುತ್ತಾನೆ. ಅಂದರೆ ಅವನು ಮೂರು ತಿಂಗಳು ಮುಂಚೆ ಕಿತ್ತ ಕಾಯಿ. ಅವನ ಮುಂದಿನ ನಡವಳಿಕೆಯೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಕಾಯಿಯ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಮೊಳಕೆ ಹೊರಡುವುದು ಅಲ್ಲಿಂದಲೇ. ಕೂಸಿನ ನೆತ್ತಿಯೂ ಹಾಗೆಯೇ ಮೆತ್ತಗಿದ್ದು, ಸುಮಾರು ಒಂದೂವರೆ ವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಅಲ್ಲಿಂದ ಏನೂ ಮೊಳೆಯದಿದ್ದರೆ ಮಗುವನ್ನು ಶಾಲೆಗೆ ಸೇರಿಸುತ್ತಾರೆ.

ಇನ್ನು ಜೀವಕ್ರಿಯೆಗಳಲ್ಲೆಲ್ಲ ಪ್ರಧಾನವಾದದ್ದು ಉಸಿರಾಟವಲ್ಲ, ಜೀರ್ಣವಲ್ಲ, ಒಣಗುವುದು. ವೈದ್ಯರ ಲೆಕ್ಕವೇ ನಮ್ಮ ಪರವಾಗಿದೆ. ಹಸುಗೂಸಿನ ತೂಕದಲ್ಲಿ ನೂರಕ್ಕೆ 75ರಷ್ಟು ನೀರು, ದುಡಿಯುವ ವಯಸ್ಸಿನ ಗಂಡಸಿನಲ್ಲಿ 60, ಮುದುಕರಲ್ಲಿ ಹೆಚ್ಚುಕಡಿಮೆ 50. ಎಳನೀರು, ಕಾಯಿ, ಕೊಬ್ಬರಿ ಎಂಬ ಮೂರು ಅವಸ್ಥೆಗಳನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಅವಸರಪಡಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ತಾನಾಗಿ ಹಿಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಗಿಟುಕಿಗೆ ಪೆಟ್ಟಾಗದಂತೆ ಬಿಡಿಸಬೇಕು. ಒಡೆದರೆ ರೇಟಿಲ್ಲ. ಇದನ್ನೇ ವೇದಾಂತಿಗಳು ದೇಹದಿಂದ ಆತ್ಮ ಬಿಡಿಸಿಕೊಳ್ಳುವುದು ಎಂದು ಸಾವಿರಾರು ಪುಟ ಬರೆದಿದ್ದಾರೆ; ಅವರಿಗೂ ತೋಟವಿರಲಿಲ್ಲವೆಂದು ಕಾಣುತ್ತದೆ.

ಈ ವಿಷಯದಲ್ಲಿ ನಮ್ಮ ಮುಖ್ಯ ವಕ್ತೃ ಎಂಬತ್ತು ದಾಟಿದ ದೊಡ್ಡಪ್ಪ. ಆರೋಗ್ಯ ಹೇಗಿದೆ ಎಂದು ಶಾಸ್ತ್ರೀಯವಾಗಿ ಪ್ರಶ್ನಿಸಿದಾಗ ಅವರು ಹೇಳಿದ್ದು: “ಎಳ್ನೀರು ಹೋಗಿ ಗಂಜಿ ಆತು, ಗಂಜಿ ಹೋಗಿ ಕಾಯಾತು. ಈಗ ಅಟ್ಟದ್ ಮ್ಯಾಲಿದೀನಿ ಕಣ್ಲಾ. ಒಳಗಿನ್ನೂ ಒಂಚೂರು ನೀರೈತೆ, ಈಗ್ಲೇ ಇಳಿಸ್ಬ್ಯಾಡ್ರಿ.”

ರೋಗಪತ್ತೆಯ ವಿಧಾನವೂ ಇಲ್ಲಿಂದಲೇ ಹೊರಟಿರಬೇಕು. ಎದೆಯ ಮೇಲೆ ಬೆರಳಿಂದ ತಟ್ಟಿ ಒಳಗೆ ನೀರು ನಿಂತಿದೆಯೇ ಎಂದು ತಿಳಿಯುವುದನ್ನು 1761ರಲ್ಲಿ ಪುಸ್ತಕ ಮಾಡಿದವನು ಆಸ್ಟ್ರಿಯಾದ ಔಎನ್‌ಬ್ರುಗರ್. ಛತ್ರ ನಡೆಸುತ್ತಿದ್ದ ಅಪ್ಪ ಪೀಪಾಯಿ ತಟ್ಟಿ ಹೆಂಡದ ಮಟ್ಟ ನೋಡುತ್ತಿದ್ದುದೇ ಅವನಿಗೆ ಪಾಠವಾಯಿತಂತೆ. ಹೆಂಡದಿಂದ ವಿಜ್ಞಾನ ಕಲಿತವನಿಗೆ ಕೀರ್ತಿ. ಎಳನೀರು ತಟ್ಟಿ “ಇದ್ರಲ್ಲಿ ಗಂಜಿ ಐತೆ” ಎನ್ನುವ ನಮ್ಮೂರಿನವನಿಗೆ ಚಿಲ್ಲರೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಾಗ ಗುಳುಗುಳು ಎಂದರೆ ನೀರಿದೆ, ಗಡಗಡ ಎಂದರೆ ಕೊಬ್ಬರಿಯಾಗಿದೆ. ಇದಕ್ಕೆ ಸ್ಕ್ಯಾನಿಂಗ್ ಫೀಜಿಲ್ಲ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ರೋಗಿ ಹೆಂಗಸಿನ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುತ್ತಿ ಕೊಳವೆ ಮಾಡಿಕೊಂಡ, ಅದೇ ಸ್ಟೆತಸ್ಕೋಪಾಯಿತು. ಕೆಂಪು ಮೂತಿ ಹುಳು ಕಾಂಡದೊಳಗೆ ಕೊರೆಯುವ ಸದ್ದನ್ನು ಕೇಳಲು ನಮ್ಮವರು ನೇರ ಮರಕ್ಕೇ ಕಿವಿಯಿಡುತ್ತಾರೆ. ಮರವೂ ಇದುವರೆಗೆ ಆಕ್ಷೇಪಿಸಿಲ್ಲ.

ಜೀರ್ಣಕ್ರಿಯೆಗೆ ಬರೋಣ. ಪಿಷ್ಟ ಕರಗುವುದು ಬಾಯಿಯಲ್ಲೇ, ಎಂಜಲಿನಿಂದ ಶುರುವಾಗುತ್ತದೆ, ಆದ್ದರಿಂದ ಚೆನ್ನಾಗಿ ಅಗಿಯಿರಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಇದು ಮುದ್ದೆ ತಿನ್ನದವರು ಬರೆದ ಪಠ್ಯ. ಮುದ್ದೆಯನ್ನು ಅಗಿಯುವವನನ್ನು ನಮ್ಮಲ್ಲಿ ಪಂಕ್ತಿಯಿಂದ ಎಬ್ಬಿಸುವುದಿಲ್ಲ, ಆದರೆ ಹೆಣ್ಣು ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಮುದ್ದೆ ಕಾಯಿ ಹಾಕಿದ ಸಾರಿನಲ್ಲಿ ಹೊರಳಿ, ಎಂಜಲಿಗೆ ಕೈಬೀಸಿ, ನೇರ ಹೊಟ್ಟೆಗಿಳಿಯುತ್ತದೆ. ಮುಂದೇನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದವನು ಅಮೆರಿಕದ ಬ್ಯೂಮಾಂಟ್. 1822ರಲ್ಲಿ ಗುಂಡೇಟು ತಿಂದ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಯ ತೂತು ಮುಚ್ಚಿಕೊಳ್ಳಲೇ ಇಲ್ಲ. ವೈದ್ಯ ಆ ತೂತಿನಿಂದ ಮಾಂಸದ ಚೂರುಗಳನ್ನು ರೇಷ್ಮೆ ದಾರ ಕಟ್ಟಿ ಇಳಿಬಿಟ್ಟು, ಎಳೆದು ನೋಡಿ, ಮತ್ತೆ ಇಳಿಬಿಟ್ಟು 1833ರಲ್ಲಿ ಗ್ರಂಥವನ್ನೇ ಬರೆದ. ಮುದ್ದೆಗೆ ದಾರ ಕಟ್ಟಿ ನೋಡುವ ಪ್ರಯೋಗಕ್ಕೆ ನಾವು ಮನೆಯಲ್ಲಿ ಅನುಮತಿ ಕೇಳಿದೆವು. ಸಿಗಲಿಲ್ಲ.

ಉಸಿರಾಟದ ಬಗ್ಗೆ ಹೆಚ್ಚೇನೂ ಇಲ್ಲ. ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಸಲ. ಎಪಿಎಂಸಿಯಲ್ಲಿ ದರ ಪ್ರಕಟವಾಗುವ ಹೊತ್ತಿನಲ್ಲಿ ಸೊನ್ನೆ.

ರಕ್ತಚಲನೆ ಇದಕ್ಕೆ ಅಂಟಿಕೊಂಡೇ ಇದೆ. ರಕ್ತ ಹೃದಯದಿಂದ ಹೊರಟು ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಆದರೆ ತೆಂಗುಸೀಮೆಯ ಹೃದಯ ಎಡಪಕ್ಕೆಯಲ್ಲಿಲ್ಲ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿದೆ. ವಾರಕ್ಕೆ ಎರಡೇ ಸಲ ಬಡಿಯುತ್ತದೆ, ಅದರ ಮೇಲೆ ಉಳಿದ ಐದು ದಿನ ಬದುಕಬೇಕು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಎಂದಿದ್ದರೂ ಮಾರುಕಟ್ಟೆಯ ನಾಡಿ ಅದಕ್ಕಿಂತ ಎಷ್ಟೋ ಕೆಳಗೆ ಮಲಗಿತ್ತು. 2024ರ ಮೊದಲಲ್ಲಿ ಬೆಂಬಲ ಬೆಲೆಯ ನೋಂದಣಿಗಾಗಿ ರೈತರು ರಾತ್ರಿಯಿಡೀ ಸಾಲಿನಲ್ಲಿ ಕೂತಿದ್ದರು. ನಿದ್ರೆಯೂ ಜೀವಕ್ರಿಯೆ ಎನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. 2025ರಲ್ಲಿ ದರ 20,000 ದಾಟಿದಾಗ ಅದೇ ರೈತರ ಅಟ್ಟ ಅರ್ಧಕ್ಕರ್ಧ ಖಾಲಿ. ಬೆಲೆ ಇದ್ದಾಗ ಕಾಯಿ ಇಲ್ಲ, ಕಾಯಿ ಇದ್ದಾಗ ಬೆಲೆ ಇಲ್ಲ. ಹಾರ್ವೆಯ ಚಕ್ರದಲ್ಲಿ ಈ ತೊಡಕು ಇಲ್ಲವೆಂಬುದನ್ನು ಗಮನಿಸಬೇಕು.

ದೊಡ್ಡಪ್ಪನನ್ನು ಒಮ್ಮೆ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಡಾಕ್ಟರು ಚೀಟಿ ನೋಡಿ, “ಯಜಮಾನ್ರೇ, ಶುಗರ್ ಮುನ್ನೂರಕ್ಕೆ ಬಂದಿದೆ” ಎಂದರು. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಹೋದ ಹರಾಜಿಗಿಂತ ಏರೈತೋ ಇಳ್ದೈತೋ ಸಾ?”

ರಕ್ತದ ಕೆಂಪಿಗೆ ಕಬ್ಬಿಣ ಕಾರಣ. ಇಡೀ ಮೈಯಲ್ಲಿ ಇರುವುದು ನಾಲ್ಕು ಗ್ರಾಂ ಅಷ್ಟೇ; ಉಳಿದದ್ದನ್ನು ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಇಟ್ಟಿದ್ದಾರೆ. ಅಲ್ಲಿನ ಅದಿರಿನ ಲಾರಿಗಳು ಓಡಾಡುತ್ತಿದ್ದ ಕಾಲದಲ್ಲಿ ರಸ್ತೆಬದಿಯ ತೆಂಗಿನ ಗರಿಗಳೂ ರಕ್ತವರ್ಣಕ್ಕೆ ತಿರುಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕಿತು. ಮೈಯೊಳಗಿನ ನಾಲ್ಕು ಗ್ರಾಮಿಗೆ ಇನ್ನೂ ಯಾವ ತಡೆಯೂ ಬಂದಿಲ್ಲ. ಇನ್ನು ಆ ರಕ್ತವನ್ನು ಸೋಸುವ ಮೂತ್ರಪಿಂಡಗಳು ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಮಾತ್ರ ಹೊರಬಿಟ್ಟು, ಉಳಿದದ್ದನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹೇಮಾವತಿ ನಾಲೆಯ ನೀರಿಗೆ ವರ್ಷಗಟ್ಟಲೆ ಕಾದು, ಬೋರ್‌ವೆಲ್ ಬತ್ತಿಸಿಕೊಂಡ ಊರಲ್ಲಿ ಹುಟ್ಟದೆ ಇಷ್ಟು ಜಿಪುಣತನ ಬರುವುದಿಲ್ಲ.

ಕೊನೆಗೆ ರೋಗಗಳು. ತೆಂಗಿಗೂ ಕಾಂಡ ಸೋರುವ ರೋಗವಿದೆ, ಸೀಳಿನಿಂದ ಕೆಂಗಂದು ರಸ ಇಳಿಯುತ್ತದೆ. ನುಸಿ ಹತ್ತಿದರೆ ಕಾಯಿಯ ಮೈಯೆಲ್ಲ ಕಜ್ಜಿ. ಇದಕ್ಕಿಂತ ಹೆಚ್ಚಿನ ಸಾದೃಶ್ಯ ಬೇಕೆನ್ನುವವರು ವಿದ್ವಾಂಸರಲ್ಲ, ತಗಾದೆಯವರು. ಅಂಥವರು ತಮ್ಮ ಆಕ್ಷೇಪಣೆಗಳನ್ನು ಮೂರು ಪ್ರತಿಗಳಲ್ಲಿ ತಂದು, ಕಾಯಿ ಕೀಳುವ ದಿನ ಮರದ ಬುಡದಲ್ಲಿ ನಿಂತು, ಗಟ್ಟಿಯಾಗಿ, ಕೊನೆಯವರೆಗೂ ಓದಬೇಕಾಗಿ ವಿನಂತಿ.