ಮಾತಿಗೊಂದು ಪೆಟ್ಟಿಗೆ

ಅಲ್ಲ ರಾಯರೇ, ಬಾಲ್ಕನಿಯಲ್ಲಿ ಖಾಲಿ ರಟ್ಟಿನ ಡಬ್ಬ ನೋಡಿದಾಗಲೇ ಗೊತ್ತಾಯಿತು ನಿಮ್ಮ ಮನೆಗೆ ಸೆಂಟರ್ ಸ್ಪೀಕರ್ ಬಂತು ಅಂತ. ತಂದಿದ್ದು ಒಳ್ಳೆಯದೇ. ಆದರೆ ಡಬ್ಬದ ಮೇಲೆ ‘ಆ್ಯಕ್ಟಿವ್’ ಅಂತ ಬರೆದಿದೆಯಲ್ಲ, ಅದಕ್ಕೇ ಕೂಗಿ ಕರೆದೆ. ರಿಸೀವರ್ ಹಿಂದೆ ಕೆಂಪು ಕಪ್ಪು ತಿರುಪುಗಳಿವೆಯಲ್ಲ, ಅಲ್ಲಿಂದ ತಂತಿ ಎಳೆದು ಇದಕ್ಕೆ ಸಿಕ್ಕಿಸಿಬಿಡಬೇಡಿ. ಆ ತಿರುಪುಗಳಿಂದ ಬರುವುದು ಆಗಲೇ ಹಿಗ್ಗಿಸಿದ ಕರೆಂಟು. ಇದರ ಹೊಟ್ಟೆಯೊಳಗೆ ತನ್ನದೇ ಆಂಪ್ಲಿಫೈಯರ್ ಇದೆ. ವೂಫರ್‌ಗೆ ಒಂದು, ಟ್ವೀಟರ್‌ಗೆ ಇನ್ನೊಂದು. ಇದಕ್ಕೆ ಬೇಕಾದ್ದು ಒಂದು ಪವರ್ ಪ್ಲಗ್, ಮತ್ತೆ ಇನ್ನೂ ಹಿಗ್ಗಿಸದ ಸಣ್ಣ ಸಿಗ್ನಲ್. ಅದು ಸಿಗುವುದು ‘ಪ್ರೀ-ಔಟ್’ ಅಂತ ಬರೆದಿರುವ ತೂತುಗಳಲ್ಲಿ. ಒಳಗೆ ಹೋಗಿ ಟಾರ್ಚ್ ಹಾಕಿ ನೋಡಿ ಬನ್ನಿ, ‘ಸೆಂಟರ್’ ಅನ್ನುವ ತೂತು ಇದೆಯಾ ಅಂತ. ಕಡಿಮೆ ಬೆಲೆಯ ರಿಸೀವರುಗಳಲ್ಲಿ ಸಬ್‌ವೂಫರ್‌ಗೆ ಮಾತ್ರ ಪ್ರೀ-ಔಟ್ ಕೊಟ್ಟಿರುತ್ತಾರೆ.

ಇದೆಯಾ? ಹಾಗಾದರೆ ಅರ್ಧ ತಲೆನೋವು ಕಳೆಯಿತು. ಇಲ್ಲದಿದ್ದರೆ ಕರೋಲ್ ಬಾಗಿನ ಕಾರ್ ಸ್ಟೀರಿಯೋ ಅಂಗಡಿಗಳಿಂದ ಸ್ಪೀಕರ್ ತಂತಿಯ ಸಿಗ್ನಲ್ ಇಳಿಸಿ ಕೊಡುವ ಸಣ್ಣ ಡಬ್ಬಿ ತಂದು ನಡೆಸಬೇಕಿತ್ತು. ನಡೆಯುತ್ತದೆ, ಆದರೆ ಒಮ್ಮೆ ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸುವುದು ನನಗೆ ಒಗ್ಗದ ಕೆಲಸ.

ನಿಮ್ಮ ತಾಯಿಯವರು ಹೇಳುವುದು ಸರಿಯೇ. ಹಾಡು ಕೇಳುತ್ತದೆ, ಹೊಡೆದಾಟ ಕೇಳುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಅದು ಅವರ ಕಿವಿಯ ದೋಷ ಅಂತ ದಯವಿಟ್ಟು ಅನ್ನಬೇಡಿ. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು ನಡುವೆ ಖಾಲಿ ಬಿಟ್ಟರೆ, ಎರಡರಿಂದಲೂ ಒಂದೇ ಮಾತು ಬಂದು ನಡುವೆ ಯಾರೋ ನಿಂತು ಮಾತಾಡುತ್ತಿದ್ದಾರೆ ಅನ್ನಿಸುವುದು ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ. ತಾಯಿಯವರು ಕೂರುವುದು ಕಿಟಕಿ ಪಕ್ಕದ ಆರಾಮ ಕುರ್ಚಿಯಲ್ಲಿ. ಅವರಿಗೆ ಎಲ್ಲ ಪಾತ್ರಗಳೂ ಬಲಗಡೆ ಪೆಟ್ಟಿಗೆಯೊಳಗೆ ಕೂತು ಮಾತಾಡಿದ ಹಾಗೆ. ಮಧ್ಯದಲ್ಲಿ ಕೂತವರಿಗೂ ಪೂರ್ತಿ ನ್ಯಾಯ ಸಿಗುವುದಿಲ್ಲ. ಎಡ ಸ್ಪೀಕರ್‌ನ ಸದ್ದು ಬಲಗಿವಿಗೆ ಸುಮಾರು ಕಾಲು ಮಿಲಿಸೆಕೆಂಡು ತಡವಾಗಿ ಬರುತ್ತದೆ, ಬಲದ್ದು ಎಡಗಿವಿಗೂ ಹಾಗೇ. ಮೊದಲು ಬಂದದ್ದೂ ತಡವಾಗಿ ಬಂದದ್ದೂ ಸೇರಿ 2000 ಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳಬೇಕಾದ ಜಾಗವೇ ಅದು. ಸ್ವರಗಳಿಗೆ ಬಲ ಜಾಸ್ತಿ, ಹೇಗಾದರೂ ತಲುಪುತ್ತವೆ, ವ್ಯಂಜನ ಬಡಪಾಯಿ. ‘ಕಟ್ಟು’ ಅಂದರೋ ‘ತಟ್ಟು’ ಅಂದರೋ ‘ಪಟ್ಟು’ ಅಂದರೋ ಗೊತ್ತಾಗದೆ ತಾಯಿಯವರು ಮೊಮ್ಮಗನನ್ನು ಕೇಳಬೇಕಾಗುತ್ತದೆ.

ನಡುವೆಯೂ ಒಂದು ಸ್ಪೀಕರ್ ಬೇಕು ಅನ್ನುವುದನ್ನು ಕಂಡುಕೊಂಡು ತೊಂಬತ್ತು ವರ್ಷ ದಾಟಿತು, ಗೊತ್ತೇ? 1933ರ ಏಪ್ರಿಲ್ 27ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾದ್ಯವೃಂದ ನುಡಿಸುತ್ತಿತ್ತು. ಕೇಳುವವರು ಕೂತಿದ್ದು ಆ ದೇಶದ ರಾಜಧಾನಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ಮತ್ತವರ ಸಂಗಡಿಗರು ಮೂರು ಮೈಕು, ಮೂರು ಟೆಲಿಫೋನ್ ಲೈನು, ಆ ಕಡೆ ಮೂರು ಸ್ಪೀಕರ್ ಜೋಡಿಸಿದ್ದರು. ವೃಂದದ ನಿರ್ದೇಶಕ ಸ್ಟೊಕೊವ್‌ಸ್ಕಿ ವಾಷಿಂಗ್ಟನ್ನಿನಲ್ಲಿ ಕೂತು ಸದ್ದಿನ ಗುಂಡಿ ತಿರುಗಿಸುತ್ತಿದ್ದರು. ಮೂರೇ ಯಾಕೆ ಅಂದರೆ, ಎರಡೇ ಇದ್ದರೆ ದೊಡ್ಡ ಹಾಲ್‌ನಲ್ಲಿ ನಡುವೆ ಟೊಳ್ಳಾಗುತ್ತದೆ. 1953ರಲ್ಲಿ ಸಿನೆಮಾಸ್ಕೋಪ್ ಬಂದಾಗಲೂ ಪರದೆಯ ಹಿಂದೆ ಮೂರು ಸ್ಪೀಕರ್ ಇಟ್ಟರು. ಮನೆಯ ಡಬ್ಬಿಗಳಲ್ಲಿ ಆ ನಡುವಿನ ಚಾನೆಲ್ಲನ್ನು ಬೇರೆ ತೆಗೆದುಕೊಡುವ ಡಾಲ್ಬಿ ಪ್ರೋ ಲಾಜಿಕ್ ಬಂದದ್ದು 1987ರಲ್ಲಿ. ಐದು ಸ್ಪೀಕರ್‌ಗೆ ದುಡ್ಡಿಲ್ಲದಿದ್ದರೆ ಹಿಂದಿನ ಎರಡನ್ನು ಬಿಡಿ, ನಡುವಿನದನ್ನು ಬಿಡಬೇಡಿ. ಇದು ನಾನು ಎಲ್ಲರಿಗೂ ಹೇಳುವ ಮಾತು, ನಮ್ಮಂಥ ದೆಹಲಿ ಕನ್ನಡಿಗರಿಗೆ ಒತ್ತಿ ಹೇಳುವ ಮಾತು.

ಯಾಕೆ ಅಂದರೆ ಕೇಳಿ. ತಾಯಿಯವರು ನೋಡುವುದು ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಬಭ್ರುವಾಹನ’. 1971, 72, 77ರ ಚಿತ್ರಗಳು, ಧ್ವನಿಯೆಲ್ಲ ಮೋನೋ. ಊರಿನ ಟಾಕೀಸಿನಲ್ಲಿ ಅದು ಬರುತ್ತಿದ್ದದ್ದು ಪರದೆಯ ಹಿಂದಿನಿಂದ, ಒಂದೇ ಕಡೆಯಿಂದ. ಈಗ ನಿಮ್ಮ ರಿಸೀವರ್‌ನಲ್ಲಿ ‘ಡಾಲ್ಬಿ ಸರೌಂಡ್’ ಅಂತ ಒತ್ತಿ ನೋಡಿ: ಎಡ ಬಲ ಎರಡರಲ್ಲೂ ಒಂದೇ ಸದ್ದಿದ್ದರೆ ಅದು ಅಷ್ಟನ್ನೂ ನಡುವಿನ ಪೆಟ್ಟಿಗೆಗೆ ಕಳಿಸುತ್ತದೆ. ಮಾತು, ಹಾಡು, ಗದೆಯ ಸದ್ದು, ಎಲ್ಲ. ಅಂದರೆ ರಾಜ್‌ಕುಮಾರ್ ಚಿತ್ರ ಹಾಕಿದ ದಿನ ಈ ಒಂದು ಪೆಟ್ಟಿಗೆಯೇ ಪೂರ್ತಿ ಟಾಕೀಸು. ಅರ್ಜುನನೂ ಅವರೇ ಬಭ್ರುವಾಹನನೂ ಅವರೇ ಆಗಿ ಒಬ್ಬರಿಗೊಬ್ಬರು ಸವಾಲು ಹಾಕುವಾಗ ಆ ಎರಡು ದನಿಗಳ ವ್ಯತ್ಯಾಸ ಗೊತ್ತಾಗಬೇಡವೇ? ಅಪ್ಪನ ದನಿಯಲ್ಲಿ ಎದೆಯ ತೂಕ, ಮಗನದರಲ್ಲಿ ಹರಿತ. ಅದಕ್ಕೇ ಅಗ್ಗದ ಸಣ್ಣ ಸೆಂಟರ್ ತರಬಾರದು ಅನ್ನುವುದು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದ ಕಾಲದಲ್ಲಿ ಕನ್ನಡದ ಸರದಿ ಬರುವುದನ್ನೇ ಈ ಊರಿನ ನಮ್ಮವರು ಕಾದು ಕೂರುತ್ತಿದ್ದರು. ಟೀವಿಯ ಒಂದೇ ಸ್ಪೀಕರ್‌ನಲ್ಲಿ ಕನ್ನಡ ಕೇಳಿದರೆ ಸಾಕಿತ್ತು. ಮನೆಯಾಚೆ ದಿನವೆಲ್ಲ ಹಿಂದಿ, ಪಂಜಾಬಿ. ಮನೆಯೊಳಗಾದರೂ ಕನ್ನಡದ ಒಂದೊಂದಕ್ಷರವೂ ನೆಟ್ಟಗೆ ಕಿವಿಗೆ ಬೀಳಲಿ, ಮೊಮ್ಮಕ್ಕಳ ಕಿವಿಗೂ ಬೀಳಲಿ.

ಸರಿ, ಇಡುವ ಜಾಗಕ್ಕೆ ಬನ್ನಿ. ಟೀವಿ ಕೆಳಗಿನ ಶೆಲ್ಫಿನಲ್ಲಿ ಹಿಂದಕ್ಕೆ ತಳ್ಳಿ ಇಟ್ಟಿದ್ದೀರಿ ಅಲ್ಲವೇ, ಇಲ್ಲಿಂದಲೇ ಕಾಣುತ್ತಿದೆ. ಅದು ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಮುಂದಕ್ಕೆಳೆಯಿರಿ, ಪೆಟ್ಟಿಗೆಯ ಮೂತಿ ಶೆಲ್ಫಿನ ಅಂಚಿಗೆ ಬರಬೇಕು, ಕೂದಲೆಳೆಯಷ್ಟು ಆಚೆ ಬಂದರೂ ಸರಿಯೇ. ಹಿಂದೆ ಅಂಗೈ ಅಗಲ ಗಾಳಿ ಇರಲಿ; ಆಂಪ್ಲಿಫೈಯರ್ ಇರುವುದು ಬೆನ್ನಿನ ತಗಡಿನಲ್ಲಿ, ಜೂನ್ ತಿಂಗಳ ದೆಹಲಿಯಲ್ಲಿ ಮುಚ್ಚಿದ ಗೂಡಿನೊಳಗೆ ಅದು ಬೇಯುತ್ತದೆ. ಆಂಧಿ ಎದ್ದ ದಿನದ ಧೂಳೂ ಅಲ್ಲೇ ಕೂರುತ್ತದೆ, ಆಗಾಗ ಒಣ ಬ್ರಷ್ ಆಡಿಸಿ. ಆಮೇಲೆ ಎತ್ತರ. ಶೆಲ್ಫು ಸುಮಾರು 45 ಸೆಂಟಿಮೀಟರ್, ಕೂತವರ ಕಿವಿ ಒಂದು ಮೀಟರ್ ಹತ್ತಿರ, ನಡುವೆ ಮೂರು ಮೀಟರ್. ಹತ್ತು ಡಿಗ್ರಿ ಮೂತಿ ಎತ್ತಿದರೆ ಟ್ವೀಟರ್ ನೇರ ಕಿವಿ ನೋಡುತ್ತದೆ. ಬಾಗಿಲು ಬಡಿಯದಂತೆ ಕೊಡುವ ರಬ್ಬರ್ ಬೆಣೆ ಎರಡು ಮುಂಭಾಗದ ಕೆಳಗೆ ಸೇರಿಸಿ, ಅಷ್ಟೇ ಸಾಕು.

ಮತ್ತೊಂದು, ನಿಮ್ಮದು ಅಡ್ಡ ಮಲಗಿಸುವ ಮಾದರಿ ತಾನೇ, ಎರಡು ವೂಫರ್ ನಡುವೆ ಟ್ವೀಟರ್? ಎರಡು ವೂಫರುಗಳ ನಡುವೆ 30 ಸೆಂಟಿಮೀಟರ್ ಇದ್ದರೆ, ಪಕ್ಕಕ್ಕೆ 30 ಡಿಗ್ರಿ ವಾರೆಯಾಗಿ ಕೂತವರಿಗೆ ಒಂದರ ಸದ್ದು ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಹೆಚ್ಚು ದೂರದಿಂದ ಬಂದಂತಾಗಿ, ಸುಮಾರು 1100 ಹರ್ಟ್ಸ್‌ನಲ್ಲಿ ಎರಡೂ ಕಾದಾಡಿ ಸಾಯುತ್ತವೆ. ಮಾತಿನ ಹೊಟ್ಟೆಗೇ ಏಟು. ಹಾಗಾಗಿ ತಾಯಿಯವರ ಕುರ್ಚಿಯನ್ನು ಎರಡಡಿ ಒಳಗೆ ತನ್ನಿ. ಕುರ್ಚಿ ಜರುಗಿಸುವುದಕ್ಕೆ ದುಡ್ಡು ಖರ್ಚಾಗುವುದಿಲ್ಲವಲ್ಲ.

ಈಗ ನನ್ನನ್ನು ಕೇಳಿದರೆ ಈ ಊರಿನಲ್ಲಿ ನಿಜವಾದ ಪೀಡೆ ಗುಂಯ್ ಅನ್ನುವ ಸದ್ದು. ಆ್ಯಕ್ಟಿವ್ ಸ್ಪೀಕರ್ ತಂದ ಮನೆಗಳಲ್ಲೆಲ್ಲ ಇದೇ ದೂರು, ಸ್ಪೀಕರೇ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡುತ್ತಾರೆ. ಕೆಟ್ಟಿರುವುದಿಲ್ಲ. ಸ್ಪೀಕರ್‌ದು ಮೂರು ಪಿನ್, ಅರ್ಥಿಂಗ್ ಇದೆ. ರಿಸೀವರ್‌ದು ಹೆಚ್ಚಾಗಿ ಎರಡೇ ಪಿನ್. ಆದರೆ ರಿಸೀವರ್‌ಗೆ ಸೆಟ್‌ಟಾಪ್ ಬಾಕ್ಸ್, ಅದಕ್ಕೆ ತಾರಸಿಯ ಡಿಶ್ ಕೇಬಲ್. ಆ ಕೇಬಲ್ಲಿನ ಮೇಲಿನ ಜಾಲರಿ ತಾರಸಿಯ ಕಬ್ಬಿಣಕ್ಕೆ ತಾಗಿ ಅಲ್ಲೊಂದು ಅರ್ಥ್ ಆಗಿರುತ್ತದೆ. ಎರಡು ಅರ್ಥ್‌ಗಳ ನಡುವೆ ಚೂರು ವೋಲ್ಟೇಜು ವ್ಯತ್ಯಾಸವಿದ್ದರೂ ಕರೆಂಟು ನಿಮ್ಮ ಸಿಗ್ನಲ್ ವೈರಿನ ಜಾಲರಿಯ ಮೂಲಕವೇ ಓಡಾಡುತ್ತದೆ. ನಮ್ಮ ಸಪ್ಲೈ 50 ಹರ್ಟ್ಸ್. ಸ್ಪೀಕರ್ ಅದನ್ನೂ ನಿಷ್ಠೆಯಿಂದ ಹಾಡುತ್ತದೆ. ಸೊಸೈಟಿಯ ಜನರೇಟರಿಗೆ ಲೈನ್ ಬದಲಾದಾಗ ಗುಂಯ್ ಜೋರಾಗುವುದೂ ಉಂಟು.

ಪತ್ತೆ ಹಚ್ಚುವುದು ಸುಲಭ. ಸಿಗ್ನಲ್ ವೈರ್ ಕಿತ್ತು, ಬರೀ ಪವರ್‌ನಲ್ಲಿ ಸ್ಪೀಕರ್ ಹಾಕಿ ಕೇಳಿ. ಗುಂಯ್ ಇಲ್ಲವೇ, ಸ್ಪೀಕರ್ ಸರಿಯಿದೆ. ವೈರ್ ಸಿಕ್ಕಿಸಿ, ಬಂತೇ, ಈಗ ಡಿಶ್ ಕೇಬಲ್ಲನ್ನು ಬಾಕ್ಸಿನಿಂದ ಬಿಚ್ಚಿ. ನಿಂತುಹೋದರೆ ಕಳ್ಳ ಸಿಕ್ಕ. ಕೇಬಲ್ ಟೀವಿಯಾದರೆ ಆ ಕೇಬಲ್ಲಿಗೇ ಐಸೊಲೇಟರ್ ಹಾಕಬಹುದಿತ್ತು, ಡಿಶ್ ಆದರೆ ಆಗುವುದಿಲ್ಲ: ತಾರಸಿಯ ಡಿಶ್ ಮುಂದೆ ಕೂತ ಎಲ್‌ಎನ್‌ಬಿಗೆ ಬೇಕಾದ 13, 18 ವೋಲ್ಟ್ ಹೋಗುವುದು ಅದೇ ತಂತಿಯಲ್ಲಿ, ಐಸೊಲೇಟರ್ ಅದನ್ನು ತಡೆದುಬಿಡುತ್ತದೆ. ಹಾಗಾಗಿ ರಿಸೀವರಿಗೂ ಸ್ಪೀಕರಿಗೂ ನಡುವೆ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಅದಕ್ಕೂ ಮುಂಚೆ ಟೀವಿ, ಬಾಕ್ಸ್, ರಿಸೀವರ್, ಸ್ಪೀಕರ್, ಸಬ್‌ವೂಫರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಅಷ್ಟಕ್ಕೇ ಎಷ್ಟೋ ಮನೆಗಳಲ್ಲಿ ವಾಸಿಯಾಗುತ್ತದೆ. ಯಾರಾದರೂ ‘ಅರ್ಥ್ ಪಿನ್ ಕತ್ತರಿಸಿ ಸಾಬ್, ಬಂದ್ ಹೋ ಜಾಯೇಗಾ’ ಅಂದರೆ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿ. ಗುಂಯ್ ನಿಲ್ಲುವುದು ನಿಜ. ನಾಳೆ ಒಳಗೇನಾದರೂ ಸುಟ್ಟರೆ 230 ವೋಲ್ಟ್ ಪೆಟ್ಟಿಗೆಯ ತಗಡಿಗೆ ಬಂದು ನಿಲ್ಲುತ್ತದೆ, ಮುಟ್ಟುವವನು ನಿಮ್ಮ ಮಗ.

ಹಚ್ಚುವಾಗ ರಿಸೀವರ್ ಮೊದಲು, ಸ್ಪೀಕರ್ ಆಮೇಲೆ. ಆರಿಸುವಾಗ ಉಲ್ಟಾ. ಇಲ್ಲದಿದ್ದರೆ ಧಡ್ ಅಂತ ಹೊಡೆಯುತ್ತದೆ. ಬೆನ್ನಿನಲ್ಲಿ ‘ಆಟೋ ಸ್ಟ್ಯಾಂಡ್‌ಬೈ’ ಅಂತ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿಬಿಡಿ. ಸದ್ದಿಲ್ಲದ ದೃಶ್ಯದಲ್ಲಿ ನಿದ್ದೆ ಹೋಗಿ, ಪಾತ್ರ ಬಾಯಿ ತೆರೆದಾಗ ಮೊದಲ ಪದ ನುಂಗಿಯೇ ಏಳುತ್ತದೆ.

ಸೆಟ್ಟಿಂಗಿನಲ್ಲಿ ಸೆಂಟರನ್ನು ‘ಸ್ಮಾಲ್’ ಅಂತ ಇಟ್ಟು ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಕೊಡಿ. 150 ಮಾಡಿದಿರೋ, ಗಂಡಸರ ದನಿಯ ಬುಡ ಮೂಲೆಯ ಸಬ್‌ವೂಫರ್‌ಗೆ ಹೋಗಿ ತಲೆ ಒಂದು ಕಡೆ ಕಾಲು ಒಂದು ಕಡೆ ಆಗುತ್ತದೆ. ಸ್ಪೀಕರ್ ಬೆನ್ನಿನ ವಾಲ್ಯೂಮ್ ಗುಂಡಿ ನಡುವೆ ಇರಲಿ, ಟೇಪ್ ಅಂಟಿಸಿ ಯಾರೂ ತಿರುಗಿಸದಂತೆ ಮಾಡಿ. ಉಳಿದದ್ದು ರಿಸೀವರಿನ ಮೈಕ್ ನೋಡಿಕೊಳ್ಳುತ್ತದೆ. ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, ಕೂಲರ್, ಫ್ಯಾನು, ಏರ್ ಪ್ಯೂರಿಫೈಯರ್ ಎಲ್ಲ ಆರಿಸಿ ಅಳೆಯಲು ಬಿಡಿ. ಟೇಪಿನಲ್ಲಿ ಅಳೆದರೆ ಮೂರು ಮೀಟರ್ ಇರುವುದನ್ನು ಅದು ನಾಲ್ಕು ಅಂತ ತೋರಿಸಬಹುದು, ಗಾಬರಿಯಾಗಿ ತಿದ್ದಬೇಡಿ. ಆ್ಯಕ್ಟಿವ್ ಸ್ಪೀಕರ್ ಒಳಗೆ ಡಿಜಿಟಲ್ ಲೆಕ್ಕಾಚಾರವಿದ್ದರೆ ಅದಕ್ಕೆ ಸುಮಾರು ಮೂರು ಮಿಲಿಸೆಕೆಂಡು ಹಿಡಿಯಬಹುದು. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಓಡುವುದರಿಂದ ಆ ತಡವೇ ದೂರವಾಗಿ ಕಾಣುತ್ತದೆ. ಅದು ಸರಿಯಾದ ಲೆಕ್ಕವೇ.

ಜನವರಿಯ ಚಳಿಯಲ್ಲೂ ಮೇ ತಿಂಗಳ ಉರಿಯಲ್ಲೂ ಸದ್ದಿನ ವೇಗ ಬೇರೆಯಲ್ಲವೇ ಅಂತೀರಾ? ಹೌದು, ಕೋಣೆ 12 ಡಿಗ್ರಿ ಇದ್ದಾಗ ಸೆಕೆಂಡಿಗೆ ಸುಮಾರು 339 ಮೀಟರ್, 38 ಇದ್ದಾಗ 354. ಮೂರು ಮೀಟರಿಗೆ ಅರ್ಧ ಮಿಲಿಸೆಕೆಂಡೂ ವ್ಯತ್ಯಾಸ ಬರುವುದಿಲ್ಲ, ಬಿಡಿ. ಆದರೆ ಋತು ಬದಲಾದಾಗ ನಮ್ಮ ಮನೆಗಳೇ ಬದಲಾಗುತ್ತವೆ ನೋಡಿ, ಅದು ದೊಡ್ಡದು. ದೀಪಾವಳಿ ಕಳೆದ ಮೇಲೆ ನೆಲಕ್ಕೆ ದರಿ, ದಿವಾನದ ಮೇಲೆ ರಜಾಯಿ, ಕಿಟಕಿಗೆ ದಪ್ಪ ಪರದೆ. ಕೋಣೆ ಸದ್ದನ್ನು ಹೀರಿಕೊಂಡು ಮಾತು ಹತ್ತಿರದಿಂದ ಬರುತ್ತದೆ. ಹೋಳಿ ಆದ ಮೇಲೆ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿದಿರಿ, ಬರೀ ಮಾರ್ಬಲ್ ನೆಲ, ಮೇಲೆ ಕೂಲರಿನ ಭರಾಟೆ. ಅದೇ ಸ್ಪೀಕರ್, ಅದೇ ಚಿತ್ರ, ಮಾತು ಗೋಡೆಗೋಡೆಗೆ ಬಡಿದು ಚೆಲ್ಲಾಪಿಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ ಮೈಕ್ ನಿಲ್ಲಿಸಿ. ಬೇಸಿಗೆಯಲ್ಲಿ ಸೋಫಾದ ಮುಂದೆ ಒಂದಾದರೂ ದರಿ ಬಿಡಿ, ಸೆಂಟರಿನ ಲೆವೆಲ್ ಎರಡು ಮೂರು ಡೆಸಿಬೆಲ್ ಏರಿಸಿ. ಒಟ್ಟು ವಾಲ್ಯೂಮ್ ಏರಿಸಿದರೆ ಹೊಡೆದಾಟವೂ ಏರಿ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ.

ಅಂದಹಾಗೆ ಟೀವಿಯ ಆಡಿಯೋ ಔಟ್‌ಪುಟ್ ‘ಪಿಸಿಎಂ’ ಅಂತಿದ್ದರೆ ‘ಪಾಸ್-ಥ್ರೂ’ಗೆ ಬದಲಿಸಿ. ಇಲ್ಲವಾದರೆ ಓಟಿಟಿಯ ಹೊಸ ಚಿತ್ರಗಳಲ್ಲಿ ಬೇರೆಯಾಗಿ ಬರುವ ಮಾತಿನ ಚಾನೆಲ್ಲನ್ನು ಟೀವಿಯೇ ಎಡಬಲಕ್ಕೆ ಕಲಸಿ ಕೊಡುತ್ತದೆ.

ಇನ್ನು ವೈರು. ರಿಸೀವರ್ ಕಡೆ ಆರ್‌ಸಿಎ, ನಿಮ್ಮ ಸ್ಪೀಕರ್ ಕಡೆ ಎಕ್ಸ್‌ಎಲ್‌ಆರ್. ಕೆಂಪು ಕೋಟೆ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ಎರಡು ಎಳೆ ಮತ್ತು ಜಾಲರಿ ಇರುವ ಮೈಕ್ ಕೇಬಲ್ ಕೇಳಿ, ಒಂದೇ ಎಳೆಯದು ಬೇಡ. ಎರಡನೇ ಪಿನ್ನಿನ ಎಳೆ ಆರ್‌ಸಿಎ ನಡುಗಡ್ಡಿಗೆ, ಮೂರನೇ ಪಿನ್ನಿನದು ಅದರ ಹೊರ ಬಳೆಗೆ, ಒಂದನೇ ಪಿನ್ನಿನ ಜಾಲರಿಯೂ ಆ ಬಳೆಗೇ ಬಂದು ಸೇರಬೇಕು. ಎಕ್ಸ್‌ಎಲ್‌ಆರ್ ಒಳಗೆ ಒಂದು ಮೂರನ್ನು ಜೋಡಿಸಬಾರದು. ಚೀಟಿಯಲ್ಲಿ ಬರೆದು ಕೊಡುತ್ತೇನೆ, ಅಂಗಡಿಯವನಿಗೆ ತೋರಿಸಿ. ಮೂರು ಮೀಟರ್ ಸಾಕು. ಭಾನುವಾರ ಮಾರ್ಕೆಟ್ ರಜಾ, ಶನಿವಾರವೇ ಹೋಗಿ ಬಂದುಬಿಡಿ.