ಡ್ರೋನಿನ ಬ್ಯಾಟರಿಯೂ ಪಕ್ಕದ ಮನೆಯ ಅತ್ತೆಯೂ

ತುಂಬಿದ್ದೆಲ್ಲ ಶುಭ ಎಂದು ನಂಬಿಕೊಂಡು ಬಂದ ಜನ ನಾವು. ಮದುವೆಮನೆಯ ಬಾಗಿಲಲ್ಲಿ ತುಂಬಿದ ಕೊಡ ಇರಬೇಕು, ಬಡಿಸಿದ ಎಲೆ ತುಂಬಿರಬೇಕು. ಇಂಥ ನಾಡಿಗೆ ‘ನನ್ನನ್ನು ಅರ್ಧ ತುಂಬಿಸಿಟ್ಟರೆ ಮಾತ್ರ ಬಾಳುತ್ತೇನೆ’ ಎಂದು ಹಟ ಹಿಡಿಯುವ ಸಾಮಾನೊಂದು ಬಂದರೆ ಅತ್ತೆ ಸೊಸೆಗೆ ಜಗಳ ಹತ್ತದೆ ಇದ್ದೀತೆ?

ಪಕ್ಕದ ಮನೆಯ ಸೊಸೆ ಡ್ರೋನ್ ಹಾರಿಸುತ್ತಾಳೆ. ನಮ್ಮದು ಮಲೇಬೆನ್ನೂರು ಕಡೆ, ಭದ್ರಾ ಚಾನಲ್ ನೀರಿನ ಭತ್ತದ ಸೀಮೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಕೆಸರಲ್ಲಿ ಔಷಧಿ ಹೊಡೆಯುವ ಆಳು ಸಿಗುವುದೇ ಕಷ್ಟವಾದ ಮೇಲೆ ಈಕೆಗೆ ಬೇಡಿಕೆ ಬಂತು. ಡ್ರೋನು ಬಂದದ್ದು ಸ್ವಸಹಾಯ ಸಂಘದ ಹೆಸರಿನಲ್ಲಿ, ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. 15,000 ಮಹಿಳಾ ಸಂಘಗಳಿಗೆ ಡ್ರೋನು, ಬೆಲೆಯಲ್ಲಿ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ. ಡ್ರೋನಿನ ಸಂಗಡ ಬರುವ ಬ್ಯಾಟರಿ ಸಾಲದೆಂದು ಇನ್ನೂ ನಾಲ್ಕು ಸೆಟ್ ಬ್ಯಾಟರಿ. ದಿನಕ್ಕೆ 20 ಎಕರೆ ಹೊಡೆಯಲಿ ಎನ್ನುವುದು ಸರ್ಕಾರದ ಲೆಕ್ಕ.

“ಒಂದು ಗಾಡಿಗೆ ಐದು ಸೆಟ್ ಬ್ಯಾಟರಿ ಯಾಕವ್ವಾ?” ಎಂದು ಬೇಲಿಯ ಈಚೆಯಿಂದ ಕೇಳಿದೆ.

“ಹತ್ತು ಲೀಟರ್ ಔಷಧಿ ಹೊತ್ಕೊಂಡು ಹಾರಿದ್ರೆ ಹತ್ತು ನಿಮಿಷಕ್ಕೆಲ್ಲ ಸುಸ್ತಾಗ್ತತೆ ಮೇಷ್ಟ್ರೇ. ಇಳಿದದ್ದು ಮೈ ಆರಿಸ್ಕೊಳ್ಳಬೇಕು, ಆಮೇಲೆ ಚಾರ್ಜು. ಬಿಸಿ ಇದ್ದಾಗ ವೈರು ಚುಚ್ಚಂಗಿಲ್ಲ. ಅಷ್ಟೊತ್ತು ಇನ್ನೊಂದು ಮೇಲಿರಬೇಕಲ್ಲ.”

ಅಲ್ಲಿಯವರೆಗೆ ಅತ್ತೆಯ ತಕರಾರೇನೂ ಇರಲಿಲ್ಲ. ತಕರಾರು ಶುರುವಾದದ್ದು ಔಷಧಿಯ ಕೆಲಸ ಮುಗಿದು, ಡ್ರೋನು ಮೂಲೆ ಹಿಡಿದ ಮೇಲೆ. ಇನ್ನು ಮುಂದಿನ ನಾಟಿಯವರೆಗೆ ಅದಕ್ಕೆ ರಜೆ. ಕರೆಂಟು ಯಾವಾಗ ಹೋಗುತ್ತದೋ ಯಾರು ಬಲ್ಲರು, ಐದೂ ಸೆಟ್ ಫುಲ್ ಚಾರ್ಜ್ ಮಾಡಿ ಅಟ್ಟದ ಮೇಲಿಟ್ಟುಬಿಡು ಅಂದರು ಅತ್ತೆ. ಸೊಸೆ ಮಾಡಿದ್ದು ಪೂರಾ ಉಲ್ಟಾ. ತುಂಬಿದ್ದ ಬ್ಯಾಟರಿಗಳನ್ನು ಚಾರ್ಜರಿಗೆ ಸಿಕ್ಕಿಸಿ, ‘ಸ್ಟೋರೇಜ್’ ಎಂಬ ಗುಂಡಿ ಒತ್ತಿ, ಒಳಗಿದ್ದ ಕರೆಂಟನ್ನು ಹೊರಗೆ ತೆಗೆಯತೊಡಗಿದಳು.

“ನೋಡ್ರಿ ಮೇಷ್ಟ್ರೇ, ಬಿಲ್ ಕಟ್ಟಿ ತುಂಬಿಸಿದ್ದನ್ನ ಈಕಿ ಕುಂತ್ಕೊಂಡು ಚೆಲ್ಲಾಕತ್ತಾಳ!” ಎಂದು ಅತ್ತೆ ಬೇಲಿಗೆ ಬಂದರು. ಚಾರ್ಜರಿನ ಫ್ಯಾನು ಆಗಲೇ ಬುಸುಗುಡುತ್ತಿತ್ತು. ಚೆಲ್ಲಿದ ಕರೆಂಟೆಲ್ಲ ಬಿಸಿಗಾಳಿಯಾಗಿ ಹೊರಗೆ ಬರುತ್ತಿತ್ತು.

ಪಂಚಾಯ್ತಿ ನನ್ನ ಕೊರಳಿಗೆ ಬಿತ್ತು. ಲೆಕ್ಕದಿಂದಲೇ ಹೊರಟೆ. ಆಕೆಯ ಒಂದು ಸೆಟ್ಟಿನಲ್ಲಿ ಹನ್ನೆರಡು ಸೆಲ್ಲು, 44.4 ವೋಲ್ಟು, 22,000 ಮಿಲಿಆಂಪಿಯರ್ ಅವರ್. ಗುಣಿಸಿದರೆ ಹೆಚ್ಚೂಕಡಿಮೆ ಒಂದು ಯೂನಿಟ್ ಕರೆಂಟು. ಅದರಲ್ಲಿ ಅರ್ಧ ಚೆಲ್ಲಿದರೂ ಹೋಗುವುದು ಕೆಲವು ರೂಪಾಯಿ. ಉಬ್ಬಿ ಹಾಳಾದರೆ ಹೊಸ ಸೆಟ್ಟಿಗೆ ಹತ್ತಾರು ಸಾವಿರ. “ಅತ್ತೆಮ್ಮಾ, ಇದು ಚೆಲ್ಲೋದಲ್ಲ, ಉಳಿಸೋದು” ಎಂದೆ. ಅವರು ನಂಬಲಿಲ್ಲ. ಮೇಷ್ಟ್ರು ಸೊಸೆಯ ಪಾರ್ಟಿ ಸೇರಿದರು ಎಂದು ಮುಖ ಸೊಟ್ಟ ಮಾಡಿದರು.

ಇರುವ ವಿಷಯ ಇಷ್ಟು. ಲಿಥಿಯಂ ಪಾಲಿಮರ್ ಸೆಲ್ಲು ಪೂರ್ತಿ ತುಂಬಿದಾಗ 4.2 ವೋಲ್ಟು. ನಮಗೆ ಅದು ತೃಪ್ತಿಯ ಅಂಕಿ, ಸೆಲ್ಲಿಗೆ ಮಾತ್ರ ಕಾಟದ ಅಂಕಿ. ಆ ಒತ್ತಡದಲ್ಲಿ ಒಳಗಿನ ಎಲೆಕ್ಟ್ರೊಲೈಟ್ ದ್ರವ ನಿಧಾನವಾಗಿ ಕೆಡುತ್ತಾ ಅನಿಲ ಬಿಡುತ್ತದೆ. ಹೊರಗಿರುವುದು ತಗಡಿನ ಡಬ್ಬಿಯಲ್ಲ, ತೆಳುವಾದ ಚೀಲ. ಅನಿಲಕ್ಕೆ ಬೇರೆ ದಾರಿ ಇಲ್ಲದೆ ಚೀಲ ಉಬ್ಬುತ್ತದೆ. ಹಾಗಂತ ಬರಿದು ಮಾಡಿಟ್ಟರೆ ಅದೂ ಕೇಡೇ. 3 ವೋಲ್ಟಿಗಿಂತ ಕೆಳಗೆ ಇಳಿದಿಳಿದು ಹೋದಂತೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಆಮೇಲೆ ಚಾರ್ಜಿಗೆ ಹಾಕಿದರೆ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೊಳಗೇ ಶಾರ್ಟ್ ಆಗುವ ಭಯ. ಅತ್ತ ತುಂಬುವಂತಿಲ್ಲ, ಇತ್ತ ಬರಿದಾಗುವಂತಿಲ್ಲ. ಒಂದೊಂದು ಸೆಲ್ಲು 3.8ರಿಂದ 3.85 ವೋಲ್ಟಿನಲ್ಲಿದ್ದರೆ, ಅಂದರೆ ಅರ್ಧದ ಆಸುಪಾಸು, ಅದಕ್ಕೆ ನೆಮ್ಮದಿ.

ಡ್ರೋನಿನ ಬ್ಯಾಟರಿ ಗದ್ದೆಯ ಮೇಲೆ ಹಾರಿ ಸವೆಯುವುದು ಹೌದು, ಆ ಸವೆತಕ್ಕೆ ಬಾಡಿಗೆಯಾದರೂ ಬರುತ್ತದೆ. ಸುಮ್ಮನೆ ಕೂತು ಸವೆಯುವುದಿದೆಯಲ್ಲ, ಅದಕ್ಕೆ ಕಾಸೂ ಇಲ್ಲ, ಹೆಸರೂ ಇಲ್ಲ. ಎಷ್ಟೋ ಸೆಟ್ಟುಗಳು ಕೆಲಸ ಮಾಡಿ ಸತ್ತದ್ದಲ್ಲ, ರಜೆಯಲ್ಲಿ ಸತ್ತದ್ದು.

ಬಿಸಿಲು ಸೇರಿದರೆ ಕೇಳುವುದೇ ಬೇಡ. ಅತ್ತೆ ತೋರಿಸಿದ ಅಟ್ಟ ತಗಡಿನ ಮಾಡಿನ ಕೆಳಗಿದೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೈಯಿಡಲಾಗದು. ಫುಲ್ ಚಾರ್ಜು, ಅದರ ಮೇಲೆ ತಗಡಿನ ಕಾವು, ಎರಡೂ ಕೂಡಿದರೆ ಬ್ಯಾಟರಿಯ ಆಯುಸ್ಸು ಲಗುಬಗೆಯಿಂದ ಮುಗಿಯುತ್ತದೆ. ಸೊಸೆ ಅವನ್ನು ಇಟ್ಟಿರುವುದು ನಡುಮನೆಯ ತಂಪು ಮೂಲೆಯಲ್ಲಿ, ಕಲ್ಲುಚಪ್ಪಡಿಯ ಮೇಲೆ. ಪಕ್ಕದಲ್ಲಿ ಭತ್ತದ ಚೀಲವಿಲ್ಲ, ಸೀಮೆಎಣ್ಣೆ ಡಬ್ಬಿಯಿಲ್ಲ. ಕೈಗೆಟಕುವಲ್ಲಿ ಒಂದು ಬಕೆಟ್ ಮರಳು. ಚಾರ್ಜಿಗೆ ಹಾಕಿ ಸಂತೆಗೆ ಹೋಗುವ ಪದ್ಧತಿ ಆಕೆಗಿಲ್ಲ. ಮುಗಿಯುವ ತನಕ ಅಲ್ಲೇ ಕೂತು ಸೊಪ್ಪು ಸೋಸುತ್ತಾಳೆ.

ತಿಂಗಳಿಗೊಮ್ಮೆ ತಪಾಸಣೆಯೂ ಉಂಟು. ಬೆಂಕಿಪೊಟ್ಟಣದಷ್ಟು ಮೀಟರನ್ನು ಬ್ಯಾಟರಿಯ ಸಣ್ಣ ಬ್ಯಾಲೆನ್ಸ್ ವೈರಿಗೆ ಸಿಕ್ಕಿಸಿದರೆ ‘ಪೀಂ’ ಎಂದು ಕೂಗಿ, ಒಂದೊಂದೇ ಸೆಲ್ಲಿನ ಹಾಜರಿ ಹೇಳುತ್ತದೆ: 3.84, 3.84, 3.85, 3.84, 3.76, 3.84. ಆಕೆಯ ಕಣ್ಣು ನಿಲ್ಲುವುದು ಐದನೆಯದರ ಮೇಲೆ. “ಇದು ಹಿಂದೆ ಬೀಳಾಕತ್ತೈತಿ” ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನ ಗುರುತು ಹಾಕುತ್ತಾಳೆ. ಒಟ್ಟು ವೋಲ್ಟು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಬ್ಬ ಹುಡುಗ ಫೇಲಾದದ್ದು ತರಗತಿಯ ಸರಾಸರಿಯಲ್ಲಿ ಮುಚ್ಚಿಹೋಗುವುದನ್ನು ನಾನು ಸರ್ವೀಸಿನುದ್ದಕ್ಕೂ ನೋಡಿದವನು.

ಎರಡು ಬ್ಯಾಟರಿ ಜೋಡಿಸಿದರೆ ಒಂದು ಸೆಟ್ಟು. ಅವುಗಳ ಮೈಮೇಲೆ ಮಾರ್ಕರಿನಲ್ಲಿ ‘3ಎ’, ‘3ಬಿ’ ಎಂದು ಬರೆದಿದ್ದಾಳೆ. ಮೂರರ ಎ ಹೋಗಿ ನಾಲ್ಕರ ಬಿ ಜೊತೆ ಕೂರುವಂತಿಲ್ಲ. ಒಂದು ಹಳತು, ಒಂದು ಹೊಸತು ಜೊತೆಯಾದರೆ ಹಳೆಯದು ಮೊದಲು ಬರಿದಾಗುತ್ತದೆ. ಹೊಸದು ಇನ್ನೂ ಎಳೆಯುತ್ತಿದ್ದರೆ ಹಳೆಯದರ ಜೀವ ಹೋಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಕಾಲಮ್ಮು ‘ಐಆರ್’. ಇಂಟರ್ನಲ್ ರೆಸಿಸ್ಟೆನ್ಸ್, ಮಿಲಿಓಮ್ ಲೆಕ್ಕದಲ್ಲಿ. ಸೆಲ್ಲು ಮುದಿಯಾದಂತೆ ಈ ಅಂಕಿ ಏರುತ್ತದೆ. ಏರಿದಷ್ಟೂ ಬಿಸಿ ಹೆಚ್ಚು, ಬಲ ಕಮ್ಮಿ. ಅಂಥ ಬ್ಯಾಟರಿ ನೆಲದ ಮೇಲಿದ್ದಾಗ ಮೊಬೈಲ್ ಪರದೆಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ, ಟ್ಯಾಂಕ್ ತುಂಬಿಸಿ ಏರಿಸಿದೊಡನೆ ವೋಲ್ಟು ದಡಕ್ಕನೆ ಕುಸಿಯುತ್ತದೆ. ಚಳಿಯಲ್ಲಿ ಅಳೆದರೆ ಐಆರ್ ಹೆಚ್ಚು ತೋರಿಸುತ್ತದೆ, ಹಾಗಾಗಿ ಅಳೆಯುವುದು ಯಾವಾಗಲೂ ಒಂದೇ ಹೊತ್ತಿನಲ್ಲಿ. ಹೊಸದಿದ್ದಾಗ ಬರೆದಿಟ್ಟ ಅಂಕಿ ದುಪ್ಪಟ್ಟಾದರೆ ಆ ಸೆಟ್ಟಿಗೆ ನಿವೃತ್ತಿ. ನನಗೆ ಕೊಟ್ಟ ಹಾಗೆ ಹಾರ, ಫಲತಾಂಬೂಲ ಇಲ್ಲ, ಅಷ್ಟೇ ವ್ಯತ್ಯಾಸ.

ಅತ್ತೆಗೆ ಕಡೆಗೂ ತಿಳಿವಳಿಕೆ ಬಂದದ್ದು ನನ್ನ ಪಾಠದಿಂದಲ್ಲ, ಅವರದೇ ಮೊಬೈಲಿನಿಂದ. ಮೊಮ್ಮಗ ಅದರಲ್ಲಿ 80ಕ್ಕೆ ಚಾರ್ಜು ನಿಲ್ಲುವಂತೆ ಸೆಟಿಂಗ್ ಮಾಡಿಟ್ಟಿದ್ದ. “ಫೋನ್ ಕೆಟ್ಟೈತಿ, ತುಂಬವಲ್ದು” ಎಂದು ಅವರು ಗದ್ದಲ ಎಬ್ಬಿಸಿದಾಗ ಹುಡುಗ, “ಅಜ್ಜೀ, ಕಂಪನಿಯೋರೇ ಕೊಟ್ಟಿರೋ ಸೆಟಿಂಗ್ ಅದು, ಬ್ಯಾಟರಿ ಬಾಳಿಕೆ ಬರ್ಲಿ ಅಂತ” ಅಂದ. ಸೊಸೆ ಹೇಳಿದರೆ ಉಡಾಫೆ, ಮೇಷ್ಟ್ರು ಹೇಳಿದರೆ ಪಕ್ಷಪಾತ, ಮೊಮ್ಮಗ ಹೇಳಿದರೆ ವೇದವಾಕ್ಯ! ಈಗ ಅತ್ತೆಯೇ ಓಣಿಯವರಿಗೆಲ್ಲ ಅರ್ಧ ಚಾರ್ಜಿನ ಮಹಿಮೆ ಹೇಳುತ್ತಾರೆ.

ಮೊನ್ನೆ ‘2ಎ’ ಉಬ್ಬಿತು. ಸೊಸೆ ಅದನ್ನು ಬೇರೆ ತೆಗೆದು, ಅಂಗಳದ ಆಚೆ ನೆರಳಲ್ಲಿ ಮರಳಿನ ಮೇಲಿಟ್ಟಳು. ಮಾರಿದವರಿಗೆ ಫೋನ್ ಮಾಡಿ, ವಾಪಸ್ ತಗೊಳ್ಳಿ ಎಂದಳು. ಬ್ಯಾಟರಿ ತ್ಯಾಜ್ಯಕ್ಕೆ 2022ರಲ್ಲೇ ನಿಯಮ ಬಂದಿದೆ, ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅತ್ತ ಕಡೆಯವರು “ನೋಡ್ತೀವಿ ಮೇಡಂ” ಎಂದರಂತೆ. ಅಷ್ಟರಲ್ಲಿ ಸುದ್ದಿ ತಿಳಿದು ಮೂಲೆಮನೆಯ ಚಿಕ್ಕಪ್ಪ ಹಾಜರು.

“ಹೆಂಗೂ ಬಿಸಾಕ್ತಿಯಲ್ಲವ್ವಾ, ನನಗ ಕೊಡು. ಸ್ವಲ್ಪ ಗಾಳಿ ಹೊಕ್ಕೈತಿ ಅಷ್ಟೇ, ದಬ್ಬಣ ತಗಂಡು ಚುಚ್ಚಿದ್ರ ಇಳೀತೈತಿ. ಹಂದಿ ಕಾಯಾಕ ಗದ್ದಿಗೆ ಲೈಟ್ ಹಾಕ್ಕಂತೀನಿ.”

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಬಿಗಿದು ನಡುವೆ ಬಂದರು. “ಚುಚ್ಚಿದ್ರ ಬೆಂಕಿ ಹತ್ತತೈತೋ ಮಾರಾಯ! ಹಂದಿ ಬದುಕ್ತತಿ, ನೀನು ಹೋಗ್ತಿ. ಲೈಟ್ ಬೇಕಂದ್ರ ಟಾರ್ಚ್ ತಗಾ. ಅದನ್ನೂ ಪೂರ್ತಿ ತುಂಬಿಸಿ ತಗಡಿನ ಕೆಳಗ ಇಡಬ್ಯಾಡ.”