ನಾಯಿ ಬರಲಿ, ಆಮೇಲೆ ಬಾಗಿಲು

ಕೊಲೆಗಾರ ಜ್ಯಾಕ್ ದಿ ರಿಪ್ಪರ್ ಮಹಾ ಬುದ್ಧಿವಂತ, ಅದಕ್ಕೇ ಸಿಕ್ಕಿಬೀಳಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಕೀರ್ತಿಯನ್ನೆಲ್ಲ ಅವನೊಬ್ಬನಿಗೇ ಕೊಟ್ಟರೆ ಲಂಡನ್ ಪೊಲೀಸರಿಗೆ ಅನ್ಯಾಯವಾದೀತು.

1888ರ ಸೆಪ್ಟೆಂಬರ್ 8ರಂದು ಆನಿ ಚಾಪ್‌ಮನ್ ಕೊಲೆಯಾಯಿತು. ಪತ್ತೇದಾರಿ ವಿಭಾಗದ ಹೊಸ ಮುಖ್ಯಸ್ಥ ರಾಬರ್ಟ್ ಆಂಡರ್ಸನ್ ಆ ಹೊತ್ತಿಗೆ ಸ್ವಿಟ್ಜರ್ಲೆಂಡಿನ ದಾರಿ ಹಿಡಿದಿದ್ದರು. ವೈದ್ಯರು ವಿಶ್ರಾಂತಿ ಹೇಳಿದ್ದರಂತೆ. ಕೊಲೆಗಾರನಿಗೆ ಅಂಥ ಒಳ್ಳೆಯ ವೈದ್ಯರು ಸಿಕ್ಕಿರಲಿಲ್ಲ.

ಅದೇ ತಿಂಗಳ 30ರ ನಸುಕಿನಲ್ಲಿ ಮತ್ತೆರಡು ಕೊಲೆ. ಗೌಲ್‌ಸ್ಟನ್ ಬೀದಿಯ ಬಾಗಿಲೊಂದರಲ್ಲಿ ಸತ್ತವರಲ್ಲೊಬ್ಬಳಾದ ಕ್ಯಾಥರಿನ್ ಎಡೋಸ್‌ಳ ಏಪ್ರನ್ನಿನ ರಕ್ತಸಿಕ್ತ ತುಂಡು ಸಿಕ್ಕಿತು. ಮೇಲಿನ ಗೋಡೆಯಲ್ಲಿ ಯಹೂದಿಗಳ ಬಗ್ಗೆ ಸೀಮೆಸುಣ್ಣದ ಬರಹ. ಬೆಳಕಾದ ಮೇಲೆ ಫೋಟೊ ತೆಗೆಯೋಣ, ಅಲ್ಲಿಯವರೆಗೆ ಕಾಪಾಡಿ ಎಂದರು ಸಿಟಿ ಪೊಲೀಸರು. ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಸರ್ ಚಾರ್ಲ್ಸ್ ವಾರೆನ್ ಖುದ್ದಾಗಿ ಬಂದು, ಗಲಭೆಯಾದೀತೆಂದು ಅಳಿಸಿಹಾಕಿಸಿದರು. ಹಿಂದೊಮ್ಮೆ ಜೆರುಸಲೇಮಿನ ನೆಲ ಅಗೆಸಿ ಸಾವಿರಾರು ವರ್ಷದ ಕುರುಹು ಹುಡುಕಿದ್ದ ಮಹಾಶಯರು ಇವರೇ. ತಾಜಾ ಕುರುಹು ಅವರ ಅಭಿರುಚಿಗೆ ಹಿಡಿಸುತ್ತಿರಲಿಲ್ಲವೇನೋ.

ಮುಂದೆ ನಾಯಿಗಳ ಸರದಿ. ಬಾರ್ನಬಿ, ಬರ್ಗೊ ಎಂಬ ಎರಡು ಬ್ಲಡ್‌ಹೌಂಡ್‌ಗಳನ್ನು ಅಕ್ಟೋಬರಿನಲ್ಲಿ ಹೈಡ್ ಪಾರ್ಕಿನಲ್ಲಿ ಪರೀಕ್ಷಿಸಿದರು. ಕಳ್ಳನ ಪಾತ್ರಕ್ಕೆ ಕಮಿಷನರೇ ಮುಂದಾದರು! ವಾರೆನ್ ಓಡಿದರು, ನಾಯಿಗಳು ವಾಸನೆ ಹಿಡಿದು ಹಿಂದೆ ಬಿದ್ದವು. ಇಡೀ ತನಿಖೆಯಲ್ಲಿ ಯಾರದಾದರೂ ಜಾಡು ಸಿಕ್ಕಿದ್ದರೆ ಅದು ಇವರದೇ. ಆಮೇಲೆ ಹಣದ ಮಾತು ಇತ್ಯರ್ಥವಾಗಲಿಲ್ಲ. ಮಾಲೀಕ ತನ್ನ ನಾಯಿಗಳನ್ನು ವಾಪಸ್ ಕರೆಸಿಕೊಂಡ. ಅದನ್ನು ಕೆಳಗಿನವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನವೆಂಬರ್ 9. ಮಿಲ್ಲರ್ಸ್ ಕೋರ್ಟಿನ ಒಂಟಿಕೋಣೆಯಲ್ಲಿ ಮೇರಿ ಕೆಲ್ಲಿಯ ಹೆಣ. ಪೊಲೀಸರು ಓಡೋಡಿ ಬಂದರು, ಬಂದು ಬಾಗಿಲ ಮುಂದೆ ನಿಂತರು. ಬಾಗಿಲು ತೆಗೆದರೆ ವಾಸನೆ ಕೆಡುತ್ತದೆ, ನಾಯಿ ಬರಲಿ. ಇನ್ಸ್‌ಪೆಕ್ಟರ್ ಅಬರ್ಲೈನ್ ಬಂದರು, ಅವರೂ ನಿಂತರು. ಡಾಕ್ಟರೂ ಬಂದು ಕಿಟಕಿಯಲ್ಲಿ ಇಣುಕಿ, ಇವಳಿಗಿನ್ನು ತಮ್ಮ ಅಗತ್ಯವಿಲ್ಲವೆಂದು ಖಾತ್ರಿಮಾಡಿಕೊಂಡು ನಿಂತರು. ಇತ್ತ ವಾರೆನ್ ಹಿಂದಿನ ದಿನವೇ ರಾಜೀನಾಮೆ ಬರೆದಾಗಿತ್ತು. ಕೊಲೆಗಾರ ಸಿಗಲಿಲ್ಲವೆಂದಲ್ಲ, ಅಪ್ಪಣೆಯಿಲ್ಲದೆ ಪತ್ರಿಕೆಗೆ ಲೇಖನ ಬರೆದಿರಿ ಎಂದು ಗೃಹಮಂತ್ರಿ ಗದರಿದ್ದರು.

ಮಧ್ಯಾಹ್ನ ಒಂದೂವರೆಗೆ ಸೂಪರಿಂಟೆಂಡೆಂಟ್ ಬಂದು, ನಾಯಿಗಳ ಆದೇಶ ರದ್ದಾಗಿದೆ ಎಂದರು. ಮನೆಮಾಲೀಕ ಪಿಕಾಸಿ ತಂದು ಬಾಗಿಲು ಮೀಟಿದ.

ಬೀಗದ ಕೈ ಎಂದೋ ಕಳೆದಿತ್ತು, ಮನೆಯವರು ಪಕ್ಕದ ಕಿಟಕಿಯ ಒಡೆದ ಗಾಜಿನೊಳಗೆ ಕೈ ಹಾಕಿ ಚಿಲಕ ತೆಗೆಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಹೆಣವನ್ನು ಮೊದಲು ಕಂಡ ಬಾಡಿಗೆ ವಸೂಲಿಯ ಆಳು ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಪರದೆ ಸರಿಸಿದ್ದೂ ಅದೇ ತೂತಿನಲ್ಲಿ ಕೈ ಹಾಕಿಯೇ.